ಗಂಗಾಳದ ಲೆಕ್ಕ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಈ ಗಾದೆಯಲ್ಲಿ ‘ಊಟ’ ಎಂಬ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ‘ಬಲ್ಲವನು’ ಎಂಬ ಮಾತಿನ ಕಡೆಗೆ ಗಮನ ಕೊಡುವವರು ವಿರಳ. ಹಸಿದವನು ಉಣ್ಣುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ದೇಹಕ್ಕೆ ಯಾವುದು ಬೇಕು, ಎಷ್ಟು ಬೇಕು, ಒಂದೇ ಮನೆಯೊಳಗೆ ಯಾರಿಗೆ ಯಾವುದು ಹೆಚ್ಚಾಗಿ ಬೇಕು ಎಂಬುದನ್ನು ಬಲ್ಲವನಾಗಲು ಮಾತ್ರ ಕಲಿಕೆ ಬೇಕು. ಆ ಕಲಿಕೆಗೆ ಬೇಕಾಗುವ ಗಣಿತ ಕೂಡುವುದು, ಕಳೆಯುವುದು, ಗುಣಿಸುವುದು ಇಷ್ಟೇ. ಆದರೂ ಬಹಳಷ್ಟು ಮನೆಗಳಲ್ಲಿ ಈ ಲೆಕ್ಕವನ್ನು ಯಾರೂ ಮಾಡುವುದಿಲ್ಲ.

ಕಲಬುರಗಿ ನಗರದಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕಮಲಾಪುರವಿದೆ. ಈಗ ಅದು ತಾಲ್ಲೂಕು ಕೇಂದ್ರ. ಅಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕಲಬುರಗಿಯ ತೊಗರಿಬೇಳೆಗೆ ಅದೇ ಮಾನ್ಯತೆ 2019ರಲ್ಲಿ ಬಂದಿತು. ಜಿಲ್ಲೆಯನ್ನು ‘ತೊಗರಿಯ ಕಣಜ’ ಎಂದು ಕರೆಯುವುದು ವಾಡಿಕೆ. ಜೋಳ, ಸಜ್ಜೆ, ಕಡಲೆ, ಶೇಂಗಾ, ಎಳ್ಳು, ಇವೆಲ್ಲ ಈ ನೆಲಕ್ಕೆ ಹೊಸವಲ್ಲ. ಆಹಾರದ ವಿಷಯದಲ್ಲಿ ಬಡವೆಂದು ಕರೆಯಬಹುದಾದ ನಾಡಲ್ಲ ಇದು.

ಇಂಥ ನೆಲದ ಒಂದು ಸಾಧಾರಣ ಕುಟುಂಬವನ್ನು ಊಹಿಸಿಕೊಳ್ಳಬಹುದು. ತಂದೆ ನಿತ್ಯವೂ ಬಸ್ಸು ಹತ್ತಿ ಕಲಬುರಗಿಯ ಗಂಜಿಗೆ ಹೋಗಿ ಚೀಲ ಹೊರುತ್ತಾನೆ. ತಾಯಿ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಹದಿನಾಲ್ಕು ವರ್ಷದ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಅವಳಿಗಿಂತ ಒಂದು ವರ್ಷ ಚಿಕ್ಕವನಾದ ತಮ್ಮನಿದ್ದಾನೆ. ಮನೆಯಲ್ಲಿ ಅಜ್ಜಿಯೂ ಇದ್ದಾಳೆ. ರಾತ್ರಿ ಒಲೆಯ ಮುಂದೆ ಮೊದಲ ಗಂಗಾಳ ತಂದೆಗೆ, ಎರಡನೆಯದು ಮಗನಿಗೆ, ಮೂರನೆಯದು ಅಜ್ಜಿಗೆ. ಬೇಳೆಯ ಗಟ್ಟಿಭಾಗ, ಪಲ್ಲೆಯ ಬಹುಪಾಲು ಈ ಮೂರು ಗಂಗಾಳಗಳಿಗೆ ಸಲ್ಲುತ್ತದೆ. ಕೊನೆಗೆ ತಾಯಿ ಮಗಳು ಕುಳಿತಾಗ ರೊಟ್ಟಿ ಉಳಿದಿರುತ್ತದೆ, ಖಾರ ಉಳಿದಿರುತ್ತದೆ, ಪಾತ್ರೆಯ ತಳದಲ್ಲಿ ತಿಳಿಯಾದ ಸಾರು ಉಳಿದಿರುತ್ತದೆ. ಯಾರೂ ಹಸಿದು ಮಲಗುವುದಿಲ್ಲ. ಎಲ್ಲರ ಹೊಟ್ಟೆಯೂ ತುಂಬಿರುತ್ತದೆ. ಆದರೆ ಎಲ್ಲರ ಮೈಗೂ ಬೇಕಾದುದು ದೊರೆಯಿತೇ ಎಂಬ ಪ್ರಶ್ನೆ ಆ ಮನೆಯಲ್ಲಿ ಏಳುವುದೇ ಇಲ್ಲ.

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮ ದೇಶದಲ್ಲಿ ನೂರು ವರ್ಷಗಳಿಗೂ ಹಿಂದೆ ಆರಂಭವಾಯಿತು. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಕಾರಣವನ್ನು ಶೋಧಿಸಲು ಒಂದು ಚಿಕ್ಕ ಪ್ರಯೋಗಶಾಲೆಯನ್ನು ತೆರೆದರು. ಆ ಸಂಸ್ಥೆಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂದಿತು. 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ಭಾರತೀಯರಿಗೆ ದಿನವೊಂದಕ್ಕೆ ಯಾವ ಪೋಷಕಾಂಶ ಎಷ್ಟು ಬೇಕೆಂಬ ಶಿಫಾರಸು ಮೊದಲ ಬಾರಿಗೆ ಹೊರಬಂದದ್ದು 1944ರಲ್ಲಿ. ಅನಂತರ ಅದನ್ನು ಹಲವು ಸಲ ಪರಿಷ್ಕರಿಸಲಾಯಿತು. ಮುಂದೆ ಹೇಳುವ ಅಂಕಿಗಳು 2020ರ ಪರಿಷ್ಕರಣೆಯವು.

ಆಹಾರದಿಂದ ದೇಹ ಪಡೆಯುವ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ ಅಳೆಯುತ್ತಾರೆ. 65 ಕಿಲೋಗ್ರಾಂ ತೂಕದ ಗಂಡಸು ಕುಳಿತು ಮಾಡುವ ಕೆಲಸದವನಾದರೆ ಅವನಿಗೆ ದಿನಕ್ಕೆ 2110 ಕಿಲೋಕ್ಯಾಲೊರಿ ಸಾಕು. ಮಧ್ಯಮ ದುಡಿಮೆಗೆ 2710, ಕಠಿಣ ದುಡಿಮೆಗೆ 3470 ಬೇಕು. 55 ಕಿಲೋಗ್ರಾಂ ತೂಕದ ಹೆಂಗಸಿಗೆ ಈ ಮೂರು ಪ್ರಮಾಣಗಳು ಕ್ರಮವಾಗಿ 1660, 2130 ಮತ್ತು 2720. ಅಂದರೆ ಗಂಜಿನಲ್ಲಿ ಚೀಲ ಹೊರುವವನಿಗೂ ಅದೇ ಗಂಜಿನ ಗದ್ದಿಗೆಯ ಮೇಲೆ ಕುಳಿತು ಲೆಕ್ಕ ಬರೆಯುವವನಿಗೂ ಅಗತ್ಯದಲ್ಲಿ ದೊಡ್ಡ ಅಂತರವಿದೆ. ಚೀಲ ಹೊರುವವನ ಊಟವನ್ನು ಲೆಕ್ಕ ಬರೆಯುವವನು ನಿತ್ಯವೂ ಉಂಡರೆ ಹೆಚ್ಚಿನದು ಕೊಬ್ಬಾಗಿ ಮೈಗೆ ಅಂಟುತ್ತದೆ. ಲೆಕ್ಕ ಬರೆಯುವವನ ಊಟವನ್ನು ಚೀಲ ಹೊರುವವನು ಉಂಡರೆ ಕೆಲವೇ ತಿಂಗಳಲ್ಲಿ ಅವನ ತೋಳು ಸೋಲುತ್ತದೆ.

ಇಲ್ಲಿಯವರೆಗೆ ಕೋಷ್ಟಕ ಹೇಳುವುದು ಎಲ್ಲರಿಗೂ ತಿಳಿದ ಮಾತೇ. ತಂದೆಗೆ ಹೆಚ್ಚು ಬಡಿಸುವ ತಾಯಿಯ ನಡೆಗೆ ಅದು ಸಮ್ಮತಿ ಸೂಚಿಸುವಂತೆಯೇ ತೋರುತ್ತದೆ. ಅದೇ ಕೋಷ್ಟಕದ ಮುಂದಿನ ಸಾಲುಗಳನ್ನು ಓದಿದಾಗ ಮಾತ್ರ ಒಲೆಯ ಮುಂದಿನ ಕ್ರಮ ಕದಲತೊಡಗುತ್ತದೆ. 13ರಿಂದ 15 ವರ್ಷದೊಳಗಿನ ಹುಡುಗಿಗೆ ದಿನಕ್ಕೆ 2400 ಕಿಲೋಕ್ಯಾಲೊರಿ ಬೇಕು. ಗದ್ದಿಗೆಯ ಮೇಲೆ ಕುಳಿತು ಲೆಕ್ಕ ಬರೆಯುವ ವಯಸ್ಕ ಗಂಡಸಿಗಿಂತಲೂ ಇದು ಹೆಚ್ಚು. ಅದೇ ವಯಸ್ಸಿನ ಹುಡುಗನಿಗೆ 2860. ಎಲುಬು ಉದ್ದವಾಗುವ, ಸ್ನಾಯು ತುಂಬುವ ಕಾಲವಾದ್ದರಿಂದ ಈ ವಯಸ್ಸಿನ ದೇಹ ದುಡಿಯುವ ದೇಹದಂತೆಯೇ ಆಹಾರವನ್ನು ಬೇಡುತ್ತದೆ.

ಕಬ್ಬಿಣಾಂಶದ ಸಾಲು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ. ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ, 13ರಿಂದ 15 ವರ್ಷದ ಹುಡುಗನಿಗೆ 22, ವಯಸ್ಕ ಹೆಂಗಸಿಗೆ 29, 13ರಿಂದ 15 ವರ್ಷದ ಹುಡುಗಿಗೆ 30 ಮಿಲಿಗ್ರಾಂ ಎಂದು ಕೋಷ್ಟಕ ಹೇಳುತ್ತದೆ. ರಕ್ತಕ್ಕೆ ಕೆಂಪು ಬಣ್ಣವನ್ನೂ ಪ್ರಾಣವಾಯುವನ್ನು ಹೊರುವ ಬಲವನ್ನೂ ಕೊಡುವುದು ಕಬ್ಬಿಣಾಂಶ. ಬೆಳೆಯುವ ಹುಡುಗಿಯ ದೇಹದಲ್ಲಿ ಹೊಸ ರಕ್ತ ಉಂಟಾಗಬೇಕು; ಪ್ರತಿ ತಿಂಗಳ ಋತುಸ್ರಾವದಲ್ಲಿ ನಷ್ಟವಾದುದೂ ತುಂಬಬೇಕು. ಹೀಗೆ ಆ ಮನೆಯಲ್ಲಿ ಕಬ್ಬಿಣಾಂಶ ಅತ್ಯಂತ ಹೆಚ್ಚಾಗಿ ಬೇಕಾದವಳು ಮಗಳು, ಅವಳ ನಂತರ ತಾಯಿ. ಪಲ್ಲೆ ಬೇಳೆಗಳು ತೀರಿದ ಮೇಲೆ ಕೊನೆಯಲ್ಲಿ ಕುಳಿತವರೂ ಅವರೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಭಾರತೀಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಆ ಸಂಖ್ಯೆ ನೂರಕ್ಕೆ 31. ತರಗತಿಯಲ್ಲಿ ಮಧ್ಯಾಹ್ನದ ನಂತರ ತೂಕಡಿಸುವ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎಂದು ಗದರಿಸುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಕೋಷ್ಟಕವನ್ನು ಓದುವುದರಲ್ಲಿ ಒಂದು ಎಚ್ಚರ ಅಗತ್ಯ. 30 ಮಿಲಿಗ್ರಾಂ ಎಂದಾಕ್ಷಣ 29 ತಿಂದವಳು ರೋಗಿಯೆಂದೂ 31 ತಿಂದವಳು ಆರೋಗ್ಯವಂತೆಯೆಂದೂ ತಿಳಿಯಬಾರದು. ನೂರು ಮಕ್ಕಳಿಗೆ ಸಮವಸ್ತ್ರ ಹೊಲಿಯುವ ದರ್ಜಿಯ ದೃಷ್ಟಾಂತದಿಂದ ಇದನ್ನು ತಿಳಿಯಬಹುದು. ಆತ ಎಲ್ಲರ ಎತ್ತರದ ಸರಾಸರಿಯನ್ನು ತೆಗೆದು ಅದೇ ಅಳತೆಗೆ ನೂರು ಅಂಗಿ ಹೊಲಿದರೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಅಂಗಿ ಗಿಡ್ಡವಾಗುತ್ತದೆ. ಬಹುತೇಕ ಎಲ್ಲರಿಗೂ ಸಾಲುವಂತೆ ಹೊಲಿಯಬೇಕಾದರೆ ಸರಾಸರಿಗಿಂತ ಅಳತೆಯನ್ನು ಹೆಚ್ಚಿಸಬೇಕು. ಆಗ ಕೆಲವರಿಗೆ ಬಟ್ಟೆ ತುಸು ಉದ್ದವಾದರೂ ಅದರಿಂದ ಹಾನಿಯಿಲ್ಲ. ಸಸಾರಜನಕ, ಕಬ್ಬಿಣಾಂಶ, ಸುಣ್ಣದಂಶ, ಜೀವಸತ್ವಗಳ ಶಿಫಾರಸನ್ನು ಹೀಗೆ, ಆರೋಗ್ಯವಂತರಾದ ನೂರು ಮಂದಿಯಲ್ಲಿ ಸುಮಾರು 97 ಮಂದಿಗೆ ಸಾಲುವಂತೆ, ಹೆಚ್ಚಿಸಿಯೇ ನಿಗದಿಪಡಿಸುತ್ತಾರೆ. ಶಕ್ತಿಯ ವಿಷಯದಲ್ಲಿ ಮಾತ್ರ ಹಾಗೆ ಮಾಡುವುದಿಲ್ಲ. ಹೆಚ್ಚಾಗಿ ತಿಂದ ಶಕ್ತಿ ದೇಹದಲ್ಲಿ ಕೊಬ್ಬಾಗಿ ಕೂಡಿಕೊಳ್ಳುವುದರಿಂದ ಅಲ್ಲಿ ಸರಾಸರಿಯನ್ನೇ ಕೊಡುತ್ತಾರೆ. ಇದನ್ನು ತಿಳಿದವರು ಅಂಕಿಯನ್ನು ನೋಡಿ ಹೆದರುವುದಿಲ್ಲ, ಅದನ್ನು ಅಲಕ್ಷಿಸುವುದೂ ಇಲ್ಲ. ಒಂದು ದಿನ ಕಡಮೆಯಾದುದನ್ನು ಮರುದಿನ ತುಂಬಿಕೊಳ್ಳಬಹುದು; ತಿಂಗಳುಗಟ್ಟಲೆ ಕಡಮೆಯಾದುದು ಮಾತ್ರ ಮೈಯಲ್ಲಿ ಕಾಣಿಸಿಕೊಳ್ಳುತ್ತದೆ.

ಇಷ್ಟನ್ನು ಕೇಳಿದ ಅಜ್ಜಿಯರು ನಗುವುದು ಸಹಜ. “ಲೆಕ್ಕಾ ಹಾಕಿ ಉಣ್ತಾರೇನು? ನಮ್ಮ ಹಿರೇರು ಜ್ವಾಳದ ರೊಟ್ಟಿ ತಿಂದು ಗಟ್ಟಿ ಇರಲಿಲ್ಲೇನು?” ಎಂದು ಅವರು ಕೇಳುತ್ತಾರೆ. ಈ ಮಾತನ್ನು ತಿರಸ್ಕರಿಸುವುದು ಉಚಿತವಲ್ಲ. ಜೋಳ ಒಳ್ಳೆಯ ಧಾನ್ಯವೇ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವೂ ಇವೆ. ಬಿಳಿ ಅಕ್ಕಿಯಲ್ಲಿ ಇವೆರಡೂ ಅದಕ್ಕಿಂತ ಕಡಮೆ. ಆದರೆ ಹಿರಿಯರ ಕಾಲದಲ್ಲಿ ಎಲ್ಲರೂ ಗಟ್ಟಿಯಾಗಿದ್ದರೆಂಬುದು ಪೂರ್ತಿ ನಿಜವಲ್ಲ. ಅದಕ್ಕೆ ಈ ದಖ್ಖನ್ ಸೀಮೆಯೇ ಸಾಕ್ಷಿ.

ಪೆಲ್ಲಾಗ್ರ ಎಂಬ ರೋಗವಿದೆ. ಬಿಸಿಲು ತಾಗುವ ಚರ್ಮ ಕಪ್ಪಾಗಿ ಒರಟಾಗುತ್ತದೆ, ಭೇದಿ ಹಿಡಿಯುತ್ತದೆ, ಬಲಿತಾಗ ಬುದ್ಧಿಯೂ ಮಂಕಾಗುತ್ತದೆ. ಅಮೆರಿಕದ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳವನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಬಡವರಲ್ಲಿ ಇದು ಹರಡಿದ್ದಾಗ ಎಲ್ಲರೂ ಇದನ್ನು ಅಂಟುರೋಗವೆಂದೇ ಭಾವಿಸಿದ್ದರು. 1914ರಿಂದ ಇದರ ಬೆನ್ನುಹತ್ತಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು, ಊಟದಲ್ಲಿರುವ ಕೊರತೆಯೇ ಇದರ ಮೂಲವೆಂದು ತೋರಿಸಿಕೊಟ್ಟರು. ನಿಯಾಸಿನ್ ಎಂಬ ಜೀವಸತ್ವದ ಅಭಾವವೇ ಆ ಕೊರತೆ ಎಂದು ಮುಂದೆ ತಿಳಿದುಬಂದಿತು. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ, ಜೋಳವೇ ಸರ್ವಸ್ವವಾಗಿದ್ದ ಬಡ ಕೂಲಿಕಾರರಲ್ಲಿ ಇದೇ ರೋಗ ಕಾಣಿಸಿಕೊಂಡಿತು. ಹೈದರಾಬಾದಿನ ಪ್ರಯೋಗಶಾಲೆಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಇದರ ಕುರಿತು ಸಂಶೋಧನೆ ಪ್ರಕಟಿಸಿದರು. ಜೋಳದ ಸಸಾರಜನಕದಲ್ಲಿ ಲ್ಯೂಸಿನ್ ಎಂಬ ಅಂಶ ಮಿತಿಮೀರಿ ಇರುವುದು ಇದಕ್ಕೆ ಕಾರಣವಾಗಿರಬಹುದೆಂಬುದು ಅವರ ವಾದ. ಆ ವಾದದ ಮೇಲೆ ಮುಂದೆ ಬಹಳ ಚರ್ಚೆ ನಡೆಯಿತು. ಆದರೆ ಒಂದು ಸಂಗತಿಯಲ್ಲಿ ಭಿನ್ನಾಭಿಪ್ರಾಯವಿಲ್ಲ: ಜೋಳದ ಜೊತೆಗೆ ಬೇಳೆ, ಶೇಂಗಾ, ಹಾಲು, ಸೊಪ್ಪುಗಳನ್ನು ಉಣ್ಣಬಲ್ಲವರನ್ನು ಈ ರೋಗ ಮುಟ್ಟುವುದಿಲ್ಲ. ಗಟ್ಟಿಯಾಗಿದ್ದ ಹಿರಿಯರು ರೊಟ್ಟಿಯ ಜೊತೆಗೆ ಇನ್ನೂ ಹಲವನ್ನು ಉಂಡವರು. ಬರೀ ರೊಟ್ಟಿ ಉಂಡವರ ಕಥೆಯನ್ನು ಹೇಳಲು ಅವರ ಮನೆಗಳಲ್ಲಿ ಹಿರಿಯರು ಉಳಿದಿರಲಿಲ್ಲವೇನೋ!

ಹಾಗೆಂದು ಹಿರಿಯರು ಲೆಕ್ಕವನ್ನೇ ಅರಿಯದವರಾಗಿರಲಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಕಲಬುರಗಿ, ಬೀದರ ಸೀಮೆಯ ರೈತರು ಮನೆಮಂದಿಯೊಂದಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಒಟ್ಟಾಗಿ ಉಣ್ಣುತ್ತಾರೆ. ಅಂದಿನ ಭಜ್ಜಿಯಲ್ಲಿ ಹಸಿ ತೊಗರಿ, ಹಸಿ ಕಡಲೆ, ಅವರೆ, ಶೇಂಗಾ, ಬದನೆ, ಗಜ್ಜರಿ, ಹಲವು ಬಗೆಯ ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಅದರ ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಅಂಬಲಿ, ಮಜ್ಜಿಗೆ, ಶೇಂಗಾ ಹೋಳಿಗೆ. ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣಾಂಶವಿದೆ, ಎಳ್ಳಿನಲ್ಲಿ ಸುಣ್ಣದಂಶ ಹೇರಳ, ಕಾಳುಗಳಲ್ಲಿ ಸಸಾರಜನಕವಿದೆ. ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಕುಳಿತು ಬರೆಯುವ ಊಟದ ಪಟ್ಟಿಗೂ ಈ ಹಬ್ಬದೂಟಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅಂದು ಹೊಲದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಒಟ್ಟಿಗೆ ಕುಳಿತೇ ಉಣ್ಣುತ್ತಾರೆ ಎಂಬುದು ಇನ್ನೊಂದು ವಿಶೇಷ. ವರ್ಷಕ್ಕೊಮ್ಮೆ ಹೊಲದಲ್ಲಿ ನಡೆಯುವ ಈ ಕ್ರಮ ಉಳಿದ ದಿನಗಳಲ್ಲಿ ಮನೆಯೊಳಗೆ ಏಕೆ ನಡೆಯಬಾರದು?

ನಿತ್ಯದ ಊಟವನ್ನೇ ಒಮ್ಮೆ ಲೆಕ್ಕಕ್ಕೆ ಹಚ್ಚಿ ನೋಡಬಹುದು. ಆ ಮನೆಯ ತಾಯಿ ದಿನಕ್ಕೆ 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿ ಉಂಡಳೆಂದು ಇಟ್ಟುಕೊಂಡರೆ ಅವಳಿಗೆ ಸುಮಾರು 1000 ಕಿಲೋಕ್ಯಾಲೊರಿ ಶಕ್ತಿ, 30 ಗ್ರಾಂ ಸಸಾರಜನಕ, 12 ಮಿಲಿಗ್ರಾಂ ಕಬ್ಬಿಣಾಂಶ ದೊರೆಯುತ್ತವೆ. 55 ಕಿಲೋಗ್ರಾಂ ತೂಕದ ಹೆಂಗಸಿಗೆ ಬೇಕಾದ ಸಸಾರಜನಕ ದಿನಕ್ಕೆ ಸುಮಾರು 46 ಗ್ರಾಂ. ಬರೀ ರೊಟ್ಟಿಯಿಂದ ಅದು ತುಂಬುವುದಿಲ್ಲ. ರೊಟ್ಟಿಯ ಜೊತೆಗೆ 85 ಗ್ರಾಂ ತೊಗರಿಬೇಳೆ ಬೆಂದು ಅವಳ ಗಂಗಾಳಕ್ಕೆ ಬಂದರೆ ಸುಮಾರು 18 ಗ್ರಾಂ ಸಸಾರಜನಕ ಸೇರಿ ಒಟ್ಟು 48 ಗ್ರಾಂ ಆಗುತ್ತದೆ. ಲಾಭ ಮೊತ್ತದಲ್ಲಿ ಮಾತ್ರವಲ್ಲ, ಗುಣದಲ್ಲಿಯೂ ಇದೆ. ಸಸಾರಜನಕದ ಘಟಕಗಳಲ್ಲಿ ಒಂದಾದ ಲೈಸಿನ್ ಜೋಳದಲ್ಲಿ ಕಡಮೆ, ತೊಗರಿಯಲ್ಲಿ ಹೆಚ್ಚು; ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ ಬೇಳೆಗಳ ಜೋಡಿ ನಾಲಗೆಯ ರುಚಿಗೆ ಹುಟ್ಟಿದ್ದಿರಬಹುದು. ದೇಹಕ್ಕೆ ಮಾತ್ರ ಅದು ಅನಿವಾರ್ಯ.

ಆದರೆ ಕಬ್ಬಿಣಾಂಶ? ಬೇಳೆಯಿಂದ 3 ಮಿಲಿಗ್ರಾಂ ಸೇರಿದರೂ ಒಟ್ಟು 15. ಬೇಕಾದ 29ರಲ್ಲಿ ಅದು ಅರ್ಧ ಮಾತ್ರ. ದಿನವೂ ಒಂದು ಬಗೆಯ ಸೊಪ್ಪು, ಒಂದು ಹಿಡಿ ಶೇಂಗಾ, ವಾರದಲ್ಲಿ ಕೆಲವು ದಿನ ಜೋಳದ ಬದಲು ಸಜ್ಜೆ, ಇವುಗಳಿಂದ ಅಂತರ ಕಿರಿದಾಗುತ್ತದೆ. ಊಟದೊಂದಿಗೆ ನಿಂಬೆಹಣ್ಣಿನ ರಸ, ನೆಲ್ಲಿಕಾಯಿ, ಪೇರಲ ಹಣ್ಣು ಇದ್ದರೆ ದೇಹ ಕಬ್ಬಿಣಾಂಶವನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಊಟ ಮುಗಿದೊಡನೆ ಚಹ ಕುಡಿದರೆ ಹೀರುವಿಕೆ ತಗ್ಗುತ್ತದೆ. ಇಷ್ಟಾದರೂ ಬೆಳೆಯುವ ಹುಡುಗಿಗೆ 30 ಮಿಲಿಗ್ರಾಂ ತಲುಪುವುದು ಸುಲಭವಲ್ಲ. ಸರಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ಕೊಡುವ ಯೋಜನೆ ಇರುವುದು ಈ ಕಾರಣದಿಂದಲೇ. ಅದನ್ನು ಕದ್ದು ಕಿಟಕಿಯಾಚೆ ಎಸೆಯುವ ವಿದ್ಯಾರ್ಥಿನಿ ತನ್ನ ರಕ್ತವನ್ನೇ ಎಸೆಯುತ್ತಿದ್ದಾಳೆ ಎಂದರೆ ಅತಿಶಯೋಕ್ತಿಯಲ್ಲ.

ಈ ಅಂಕಿಗಳನ್ನು ನಂಬುವುದು ಹೇಗೆ, ಅವು ಆಗಾಗ ಬದಲಾಗುತ್ತವಲ್ಲ ಎಂದು ಆಕ್ಷೇಪಿಸುವವರುಂಟು. ಬದಲಾಗುವುದು ನಿಜ. 2010ರ ಕೋಷ್ಟಕದಲ್ಲಿ ವಯಸ್ಕ ಹೆಂಗಸಿಗೆ 21 ಮಿಲಿಗ್ರಾಂ ಇದ್ದ ಕಬ್ಬಿಣಾಂಶ 2020ರಲ್ಲಿ 29 ಆಯಿತು; ಅಳತೆಗೆ ಆಧಾರವಾಗಿ ಹಿಡಿದ ಗಂಡಸಿನ ತೂಕ 60ರಿಂದ 65 ಕಿಲೋಗ್ರಾಂಗೆ ಏರಿತು. ಹೊಸ ಪ್ರಯೋಗಗಳು ನಡೆದಂತೆ ಹಳೆಯ ಅಳತೆಯನ್ನು ತಿದ್ದುವುದು ವಿಜ್ಞಾನದ ಪ್ರಾಮಾಣಿಕತೆಯ ಗುರುತು. 1941ರಲ್ಲಿ ಅಮೆರಿಕದಲ್ಲಿ ಲಿಡಿಯಾ ರಾಬರ್ಟ್ಸ್ ಅವರ ನೇತೃತ್ವದ ಸಮಿತಿ ಇಂಥ ಕೋಷ್ಟಕವನ್ನು ರಚಿಸಿದಾಗ, ಇದೇ ಕೊನೆಯ ಮಾತೆಂದು ಜನ ತಿಳಿಯಬಾರದೆಂಬ ಎಚ್ಚರದಿಂದಲೇ ಅದಕ್ಕೆ ‘ಶಿಫಾರಸು’ ಎಂಬ ಮೃದುವಾದ ಹೆಸರನ್ನಿಟ್ಟಿತು. ಅಂಕಿ ಬದಲಾದರೂ ವಯಸ್ಕ ಹೆಂಗಸಿಗೆ ವಯಸ್ಕ ಗಂಡಸಿಗಿಂತ ಕಬ್ಬಿಣಾಂಶ ಹೆಚ್ಚಾಗಿ ಬೇಕೆಂಬ ತಾತ್ಪರ್ಯ ಬದಲಾಗಿಲ್ಲ.

ಕೋಷ್ಟಕವನ್ನು ಓದಬಲ್ಲವರು ಮನೆಯ ಹೊರಗೂ ಅದನ್ನು ಬಳಸಬಲ್ಲರು. ಕರ್ನಾಟಕದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲಿಗೆ ಆರಂಭವಾದ ಏಳು ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗವೂ ಒಂದು. ಶರಣಬಸವೇಶ್ವರರ ದಾಸೋಹದ ನೆನಪು ಇಂದಿಗೂ ಹಸಿರಾಗಿರುವ ಊರಿಗೆ ಆ ಹೆಸರು ಹೊಸತಾಗಿರಲಿಲ್ಲ. ಬಿಸಿಯೂಟದ ನಿಯಮದಂತೆ 6ರಿಂದ 8ನೆಯ ತರಗತಿಯ ಮಗುವಿನ ಮಧ್ಯಾಹ್ನದ ಊಟದಲ್ಲಿ 700 ಕಿಲೋಕ್ಯಾಲೊರಿ ಶಕ್ತಿ, 20 ಗ್ರಾಂ ಸಸಾರಜನಕ ಇರಬೇಕು. ಅದಕ್ಕಾಗಿ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿಯನ್ನು ಗೊತ್ತುಪಡಿಸಿದ್ದಾರೆ. 13 ವರ್ಷದ ಹುಡುಗಿಗೆ ದಿನಕ್ಕೆ ಬೇಕಾದ 43 ಗ್ರಾಂ ಸಸಾರಜನಕದಲ್ಲಿ ಇದು ಅರ್ಧಕ್ಕೆ ಹತ್ತಿರ, ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಮೆ. ಶಾಲೆಯಲ್ಲಿ ಊಟವಾಗಿದೆಯಲ್ಲ ಎಂದು ಮನೆಯ ಗಂಗಾಳವನ್ನು ಹಗುರ ಮಾಡುವುದು ಎಷ್ಟು ತಪ್ಪೆಂಬುದು ಈ ಒಂದು ಭಾಗಾಕಾರದಿಂದ ತಿಳಿಯುತ್ತದೆ.

2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಕೆಲವು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆಯನ್ನು ಸೇರಿಸಲಾಯಿತು. ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡಾಯಿತು. ಮೊಟ್ಟೆ ತಿನ್ನಬೇಕೇ ಬಾರದೇ ಎಂಬುದು ಆಯಾ ಮನೆಯ ನಂಬಿಕೆಗೆ ಬಿಟ್ಟ ವಿಷಯ. ಆದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂಗೂ ಹೆಚ್ಚು ಸಸಾರಜನಕವಿದ್ದರೆ ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 1 ಗ್ರಾಂ. ಕಮಲಾಪುರದ ಕೆಂಪು ಬಾಳೆಯೇ ಆದರೂ ಈ ವಿಷಯದಲ್ಲಿ ಅದು ಮೊಟ್ಟೆಯ ಸ್ಥಾನವನ್ನು ತುಂಬಲಾರದು. ಹಣ್ಣಿನ ಗುಣ ಬೇರೆ, ಅದರ ಕೆಲಸವೂ ಬೇರೆ. ಮೊಟ್ಟೆ ತಿನ್ನದ ಮಗುವಿಗೆ ಹಣ್ಣಿನ ಜೊತೆಗೆ ಒಂದು ಹಿಡಿ ಶೇಂಗಾ ಅಥವಾ ಬೇಯಿಸಿದ ಕಾಳು ದೊರೆತರೆ ಮಾತ್ರ ನ್ಯಾಯ ಸಮವಾಗುತ್ತದೆ. ನಂಬಿಕೆಯನ್ನು ಗೌರವಿಸುವುದೂ ಪೋಷಣೆಯನ್ನು ಕಾಪಾಡುವುದೂ ಒಟ್ಟಿಗೆ ಸಾಧ್ಯ. ಅದಕ್ಕೆ ಬೇಕಾದುದು ಲೆಕ್ಕದ ಅರಿವು.

ಅಂಗಡಿಯ ಬಿಸ್ಕತ್ತು, ಚಿಪ್ಸು ಪೊಟ್ಟಣಗಳ ಹಿಂಬದಿಯಲ್ಲಿಯೂ ಈ ಲೆಕ್ಕ ಕಾಣಿಸಿಕೊಳ್ಳುತ್ತದೆ. ದಿನದ ಅಗತ್ಯದಲ್ಲಿ ಶೇಕಡಾ ಇಷ್ಟು ಎಂದು ಅಲ್ಲಿ ಅಚ್ಚಾಗಿರುತ್ತದೆ. ಆ ಶೇಕಡಾವಾರು 2000 ಕಿಲೋಕ್ಯಾಲೊರಿಯ ಊಟವನ್ನು, 50 ಗ್ರಾಂ ಸೇರಿಸಿದ ಸಕ್ಕರೆಯನ್ನು, 5 ಗ್ರಾಂ ಉಪ್ಪನ್ನು ಆಧಾರವಾಗಿ ಹಿಡಿದು ಬರೆದದ್ದು. ಸಕ್ಕರೆ, ಉಪ್ಪುಗಳ ವಿಷಯದಲ್ಲಿ ಆ ಅಂಕಿ ತಲುಪಬೇಕಾದ ಗುರಿಯಲ್ಲ. ಅದು ದಾಟಬಾರದ ಗಡಿ. ಮುಂಬದಿಯ ಬಣ್ಣದ ಚಿತ್ರವನ್ನು ನೋಡಿ ಕೊಳ್ಳುವವರಿಗೂ ಹಿಂಬದಿಯ ಸಣ್ಣ ಅಕ್ಷರವನ್ನು ಓದಿ ಕೊಳ್ಳುವವರಿಗೂ ಇರುವ ಅಂತರ ಇಷ್ಟೇ.

ಬಡತನವಿರುವಲ್ಲಿ ಲೆಕ್ಕದಿಂದ ಏನು ಪ್ರಯೋಜನ ಎಂಬ ಮಾತನ್ನೂ ಕೇಳಬೇಕು. ತೊಗರಿ ಬೆಳೆದ ರೈತ ಅದನ್ನು ಗಂಜಿಗೆ ಮಾರಿ, ಅದೇ ಬೇಳೆಯನ್ನು ಅಂಗಡಿಯಲ್ಲಿ ಹೆಚ್ಚಿನ ಬೆಲೆಗೆ ಕೊಳ್ಳಬೇಕಾದ ಸ್ಥಿತಿ ಇರುವಾಗ ತಾಯಿಗೆ ಉಪದೇಶ ಮಾಡುವುದು ಸುಲಭ, ಬೇಳೆ ಕೊಳ್ಳುವುದು ಕಷ್ಟ. ಇದು ಸತ್ಯ. 2013ರ ಆಹಾರ ಭದ್ರತಾ ಕಾಯಿದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋಗ್ರಾಂ ಧಾನ್ಯವನ್ನು ಖಚಿತಪಡಿಸಿದೆ. ಬೇಳೆಯ ಮಾತು ಅದರಲ್ಲಿಲ್ಲ. 5 ಕಿಲೋಗ್ರಾಂ ಧಾನ್ಯವನ್ನು ಮೂವತ್ತು ದಿನಗಳಿಗೆ ಹಂಚಿದರೆ ದಿನಕ್ಕೆ 170 ಗ್ರಾಂಗೂ ಕಡಮೆ. ಅದರಿಂದ ದೊರೆಯುವುದು 600 ಕಿಲೋಕ್ಯಾಲೊರಿಯೊಳಗೆ. ಈ ಲೆಕ್ಕ ತಿಳಿದ ಪ್ರಜೆ ತನಗೆ ಎಷ್ಟು ದೊರೆಯುತ್ತಿದೆ, ಎಷ್ಟು ದೊರೆಯಬೇಕು ಎಂದು ಕೇಳಬಲ್ಲನು. ಕೂಲಿ ಎಷ್ಟಿರಬೇಕು, ಪಡಿತರ ಹೇಗಿರಬೇಕು, ಅಂಗನವಾಡಿಯ ಊಟದಲ್ಲಿ ಏನಿರಬೇಕು ಎಂಬ ಚರ್ಚೆಗಳಿಗೆಲ್ಲ ಈ ಕೋಷ್ಟಕವೇ ಅಡಿಗಲ್ಲು. ಆದ್ದರಿಂದ ಬಡವನಿಗೆ ಈ ಲೆಕ್ಕ ಶ್ರೀಮಂತನಿಗಿಂತ ಹೆಚ್ಚು ಅಗತ್ಯ.

ಆದರೆ ಸರಕಾರ ಬದಲಾಗುವವರೆಗೆ, ಬೆಲೆ ಇಳಿಯುವವರೆಗೆ ಕಾಯಬೇಕಾಗಿಲ್ಲದ ಒಂದು ಕಾರ್ಯವಿದೆ. ಅದಕ್ಕೆ ಹಣ ಬೇಡ. ಮನೆಯಲ್ಲಿ ಇರುವ ಬೇಳೆಯನ್ನು, ಇರುವ ಪಲ್ಲೆಯನ್ನು ಇರುವವರೆಲ್ಲರೂ ಒಟ್ಟಿಗೆ ಕುಳಿತು ಅಗತ್ಯವರಿತು ಹಂಚಿಕೊಳ್ಳುವುದೇ ಆ ಕಾರ್ಯ. ತಂದೆಗೆ ದುಡಿಮೆಗಾಗಿ ಇನ್ನೆರಡು ರೊಟ್ಟಿ ಹೆಚ್ಚು ಬರಲಿ. ಮಗಳಿಗೂ ತಾಯಿಗೂ ಪಲ್ಲೆ ಬೇಳೆಗಳಲ್ಲಿ ಕಡಮೆಯಾಗದಿರಲಿ. ಪ್ರೀತಿಯಿಲ್ಲದ್ದರಿಂದ ತಾಯಿ ಮಗಳಿಗೆ ಕೊನೆಯಲ್ಲಿ ಬಡಿಸುತ್ತಿರಲಿಲ್ಲ. ತನಗೆ ಬಡಿಸಿದ ಕ್ರಮವನ್ನೇ ಅವಳು ಮುಂದುವರಿಸಿದಳು. ಆ ಕ್ರಮವನ್ನು ಬದಲಿಸುವ ಅಧಿಕಾರವನ್ನು ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೊಂಬತ್ತು, ಮೂವತ್ತು ಎಂಬ ನಾಲ್ಕು ಅಂಕಿಗಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಕೈಗೆ ಕೊಟ್ಟಿವೆ. ಇಂದು ರಾತ್ರಿ ಕಮಲಾಪುರದ ಆ ಮನೆಯಲ್ಲಿ ಮಗ ಎದ್ದು ತನ್ನ ಗಂಗಾಳದ ಪಕ್ಕದಲ್ಲಿ ಅಕ್ಕನ ಗಂಗಾಳವನ್ನೂ ಅವ್ವನ ಗಂಗಾಳವನ್ನೂ ತಂದಿಟ್ಟರೆ ಸಾಕು. ಊಟ ಬಲ್ಲವನು ಎಂಬ ಹೆಸರಿಗೆ ಅವನು ಪಾತ್ರನಾಗುತ್ತಾನೆ.